ಬಿರುಕಿನೊಳಗಿನ ಬಳಚು

ಹೊನ್ನಾವರ

ಮೋಹನ ಭಾವನವರಿಗೆ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ಅಕ್ಕನ ಕಿವಿಗೂ ಬೀಳುತ್ತದೆಂದು ಬರೆಯುತ್ತಿದ್ದೇನೆ. ಗೇಟಿನಿಂದ ಮೆಟ್ಟಿಲವರೆಗೆ ನೀವು ಹಾಕಿಸಿಕೊಟ್ಟ ಕಾಂಕ್ರೀಟ್ ದಾರಿ ಬಿರುಕು ಬಿಟ್ಟಿದೆ ಎಂದಾಗ, "ಗಾಡಿ ಭಾರಕ್ಕೆ ಒಡೆದದ್ದು, ಸಿಮೆಂಟ್ ಮೆತ್ತಿದ್ರೆ ಆತು" ಅಂದಿರಿ. ನಮ್ಮಲ್ಲಿರುವುದು ಒಂದು ಸ್ಕೂಟರ್, ಭಾವ.

ಮೆತ್ತುವ ಮೊದಲು ಬಿರುಕನ್ನು ಕೆರೆದು ನೋಡಿದೆ. ಒಳಗಿಂದ ಬೊಗಸೆ ತುಂಬ ಬಳಚಿನ ಚಿಪ್ಪು ಬಂತು. ಬಳಚು ತಿಂದೇ ಬೆಳೆದವಳು ನಾನು; ಅದು ಅಳಿವೆಯ ಉಪ್ಪುನೀರಿನದು. ಕಾಂಕ್ರೀಟಿಗೆ ಹಾಕಿದ್ದು ಸಿಹಿನೀರಿನ ಹೊಳೆಯ ಮರಳು ಎಂದಿದ್ದಿರಿ ನೀವು.

ದಾರಿಯನ್ನು ಒಡೆದು ಮತ್ತೆ ಹಾಕಿಸೋಣ, ಜಗಳವಿಲ್ಲ. ಆದರೆ ಮನೆ ಕಟ್ಟಿಸಿಕೊಟ್ಟವರೂ ನೀವೇ. ಕಂಬಗಳಿಗೂ ಅದೇ ಮರಳೇ? ಉಪ್ಪಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದಂತೆ.

ರಜೆಗೆ ಅಕ್ಕ ನಿಮ್ಮ ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬರುತ್ತಾಳಂತೆ. ಉಳಿದದ್ದು ಬೇಡ, ಇದೊಂದಕ್ಕೆ ಉತ್ತರ ಬರೆಯಿರಿ. ಅವರನ್ನು ಮೇಲಿನ ಕೋಣೆಯಲ್ಲಿ ಮಲಗಿಸಲೇ?

ನಿಮ್ಮ ನಾದಿನಿ,
ಸುಪ್ರಿಯಾ