ಅವ್ವ ಬ್ರೇಕ್ ತುಳಿದಳು

ಇಳಕಲ್ಲ,
ಶನಿವಾರ, ೪ ಜನವರಿ ೨೦೨೫

ಪ್ರೀತಿಯ ಮುತ್ತವ್ವಾ,

ಲಗ್ನ ಆಗಿ ಮೂವತ್ತೇಳು ವರ್ಷಕ್ಕ ಮೊದಲನೇ ಸಲ ನಿನಗ ‘ಪ್ರೀತಿಯ’ ಅಂತ ಬರದೇನಿ, ಮಗಳ ಮುಂದ ಓದಿ ನಗಬ್ಯಾಡ. ನಿನ್ನ ಮೊಣಕಾಲ ನೋವು ಹೆಂಗೈತಿ? ಬಾದಾಮಿ ಥಂಡ್ಯಾಗ ಬರಿಗಾಲಲೆ ಎದ್ದು ಬಾಣಂತಿಗೆ ನೀರು ಕಾಸ್ತಿರ್ತಿ ಅಂತ ನನಗ ಗೊತ್ತೈತಿ, ಕಾಲಚೀಲ ಹಾಕ್ಕೊ. ಜಯಶ್ರೀ ಹೊಟ್ಟಿ ತುಂಬ ಉಣ್ತಾಳೇನು? ಕೂಸು ಹಗಲೆಲ್ಲಾ ಮಲಗಿ ರಾತ್ರಿ ಊರು ಎಬ್ಬಸ್ತೈತಿ ಅಂದಿದ್ದಿ. ಅದು ನಿನ್ನ ತವರಮನಿ ಗುಣ, ನಮ್ಮದಲ್ಲ. ಇಲ್ಲೆ ನಾನೂ ಅವ್ವನೂ ಆರಾಮ ಇದ್ದೇವಿ.

ಆರಾಮ ಇದ್ದೇವಿ ಅಂತ ಫೋನಿನ್ಯಾಗೂ ದಿನಾ ಹೇಳ್ಕೋತ ಬಂದೇನಿ. ಖರೆ ಹೇಳಬೇಕಂದ್ರ ಹೋದ ವಾರದ ತನಕಾ ಅದು ಪೂರಾ ಸುಳ್ಳಾಗಿತ್ತು. ಅವ್ವನ ಕಿವಿ ನಿನಗ ಗೊತ್ತೈತಲ್ಲ, ನಾ ಅಂಗಳದಾಗ ಪಿಸುಗುಟ್ಟಿದ್ರೂ ಒಳಗ ಕೇಳಸ್ತೈತಿ. ಅಕಿ ಮುಂದ ಅಕಿ ಸುದ್ದಿ ಹೆಂಗ ಹೇಳ್ಲಿ? ಅದಕ್ಕ ಈ ಕಾಗದ. ಬಾಜೂಮನಿ ಅಲ್ಲಾಸಾಬನ ಮಗಳು ಆರಿಫಾ ಸೋಮವಾರ ಬಾದಾಮಿಗೆ ತನ್ನ ಸಾಲಿ ಕೆಲಸಕ್ಕ ಹೊಂಟಾಳ, ಅಕಿ ಕೈಯಾಗ ಕೊಟ್ಟು ಕಳಸ್ತೇನಿ.

ನೀ ಹೋದ ಎಂಟ ದಿನಕ್ಕ ಅವ್ವ ಎದ್ದು ಕುಂಡ್ರೂದನ್ನೂ ಬಿಟ್ಲು. ದೀಪಾವಳಿ ಮುಂದ ಬಚ್ಚಲದಾಗ ಬಿದ್ದು ತೊಡಿ ಎಲುಬಿಗೆ ರಾಡ್ ಹಾಕಿಸಿದಾಗ ಬಾಗಲಕೋಟಿ ಡಾಕ್ಟರ್ ಏನಂದಿದ್ರು ನೆನಪೈತೇನು? ಎಲುಬು ಕೂಡತೈತಿ, ಆದ್ರ ನಡಿಸಲಿಲ್ಲಂದ್ರ ಅಜ್ಜಿ ಹಾಸಗಿ ಹಿಡೀತಾರ ಅಂದಿದ್ರು. ನೀ ಇದ್ದಾಗ ನಿನ್ನ ಹೆಗಲ ಹಿಡಿದು ನಾಕ ಹೆಜ್ಜಿ ಇಡ್ತಿದ್ಲು. ನೀ ಹೋದಿ, ಹೆಗಲೂ ಹೋತು. ಕಾಲಿನ ಕಸರತ್ತು ಮಾಡು ಅಂದ್ರ ಗ್ವಾಡಿಗೆ ಮಕಾ ಮಾಡಿ ಮಲಗತಿದ್ಲು. ಒಂದಿನಾ ಅಂದ್ಲು, “ನಾ ಇನ್ನ ಈ ಹೊಸ್ತಲಾ ದಾಟೂದು ನಾಕ ಮಂದಿ ಹೆಗಲ ಮ್ಯಾಲೆ.” ಅವತ್ತ ನಾ ಹಿತ್ತಲಕ್ಕ ಹೋಗಿ ಅತ್ತೇನಿ ಮುತ್ತವ್ವಾ. ನಿನಗ ಹೇಳಿದ್ರ ನೀ ಹಸೀ ಬಾಣಂತಿನ ಬಿಟ್ಟು ಮುಂಜಾನಿ ಬಸ್ಸಿಗೆ ಬರ್ತಿದ್ದಿ. ಅದಕ್ಕ ಹೇಳಲಿಲ್ಲ.

ಮತ್ತ ನಾ ಮಾಡಿದ ಶಾಣ್ಯಾತನ ಕೇಳು. ನಲವತ್ತು ವರ್ಷ ಗ್ಯಾರೇಜಿನ್ಯಾಗ ಎಂಜಿನ್ ಎತ್ತಿದಾಂವ ನಾ, ಅವ್ವನ್ನ ಎತ್ತೂದೇನು ದೊಡ್ಡದು ಅಂತ ಅಟ್ಟದಾಗಿನ ಚೈನ್ ಪುಲ್ಲಿ ತಂದು ತೊಲಿಗೆ ಕಟ್ಟಿದ್ನಿ. ನಿನ್ನ ಹಳೇ ಸೀರಿ ಮಡಚಿ ಅವ್ವನ ಬಗಲಾಗ ಪಟ್ಟಾ ಹಾಕಿದ್ನಿ. ಎರಡ ಸಲ ಸರಪಳಿ ಎಳದೇನಿ, ಅವ್ವ ಹಾಸಗಿ ಮ್ಯಾಲೆ ಒಂದ ಗೇಣು ತೇಲಿದ್ಲು. ಅಕಿ ಬೈದ ಬೈಗಳ ಬರ್ಯಾಕ ಬರೂಹಂಗಿಲ್ಲ. ಕಡೀಕ ಅಂದ್ಲು, “ನಾ ಎಂಜಿನ್ ಏನೋ ಶಿವಲಿಂಗ್ಯಾ? ನಾ ನಿನ್ನ ಹಡದಾಕಿ.” ಅದ ಹೊತ್ತಿಗೆ ಅಲ್ಲಾಸಾಬ ಬಾಗಲಾಗ ಬಂದು ನಿಂತಿದ್ದ. ನಗೂದ ಬಿಟ್ಟು ಮೊದಲ ಅಕಿನ್ನ ಇಳಸಿದ, ಇಳಸಿದ ಮ್ಯಾಲೆ ಅರ್ಧಾ ತಾಸು ನಕ್ಕ.

ಅಂವ ಬಂದಿದ್ದು ಅವರಪ್ಪನ ಅಂಬಾಸಡರ್ ಸಲುವಾಗಿ. ಒಂಬತ್ತು ವರ್ಷದಿಂದ ಅವರ ಬೇವಿನ ಗಿಡದ ಕೆಳಗ ನಿಂತೈತಿ, ಸೀಟಿನ್ಯಾಗ ಇಲಿ ಸಂಸಾರ ಮಾಡ್ಯಾವ. ಬ್ಯಾರೆ ಮೆಕ್ಯಾನಿಕ್‌ಗ ಕೊಡಂಗಿಲ್ಲ, ತಾನ ಕಲತು ತಾನ ರಿಪೇರಿ ಮಾಡಬೇಕಂತ ಅವನ ಹಟ. ಸಾಲಿ ಕ್ಲಾರ್ಕ್ ಆಗಿ ರಿಟೈರ್ ಆದಾಂವಗ ನಟ್ ಯಾವ ಕಡೆ ತಿರಗತೈತಿ ಅನ್ನೂದೂ ಗೊತ್ತಿಲ್ಲ. ಆದ್ರ ಹಾಸಗಿ ಹಿಡಿದ ತಾಯಿನ್ನ ಆರು ವರ್ಷ ಜ್ವಾಕಿ ಮಾಡ್ಯಾನ. ಹಿಂಗಾಗಿ ನಮ್ಮ ಕರಾರ ಆತು, ದಿನಾ ಒಂದ ತಾಸು ನಾ ಅವಗ ಕಾರು ಕಲಸೂದು, ಒಂದ ತಾಸು ಅಂವ ನನಗ ಅವ್ವನ್ನ ಕಲಸೂದು. ಕಾರು ನೂಕ್ಕೋತ ತಂದು ನಮ್ಮ ಅಂಗಳದಾಗ ನಿಲ್ಲಿಸಿದ್ವಿ.

ಎಷ್ಟ ಕಲತೇನಿ ಅಂತಿ! ಮುಟ್ಟೂ ಮೊದಲ ‘ಅವ್ವಾ, ಈಗ ಕಾಲ ಹಿಡೀತೇನಿ’ ಅಂತ ಹೇಳಬೇಕಂತ. ಮೈಮ್ಯಾಲೆ ಸೀರಿ ಹೊಚ್ಚಿ ಅದರ ಒಳಗಿಂದನ ಒರಸಬೇಕಂತ, ಮಗನ ಮುಂದ ತಾಯಿಗೆ ನಾಚಿಕಿ ಇರ್ತೈತಿ. ಏನ್ ಉಣ್ತಿ ಅಂತ ಕೇಳಬಾರದು, ನುಚ್ಚು ಮಜ್ಜಗಿ ಕೊಡ್ಲ್ಯೋ ಸಜ್ಜಕ ಕೊಡ್ಲ್ಯೋ ಅಂತ ಕೇಳಬೇಕು. ಒಂದಿನಾ ನಾ ಅವ್ವಗ ತುತ್ತು ಮಾಡಿ ಉಣಸೂಮುಂದ ಅಂವ ನನ್ನ ಕೈ ಹಿಡಿದ. “ಎಲ್ಲಾ ನಾನ ಮಾಡಿ ಮಾಡಿ ನಮ್ಮವ್ವನ ಕೈಕಾಲು ನಾನ ಕಸಗೊಂಡೇನಿ ಲೇ. ಭಾಳ ತಡಾ ಆಗಿ ತಿಳೀತು. ನೀ ಕೈ ಕೊಡು, ಎತ್ತಬ್ಯಾಡ. ಹಿಡಕೊಳ್ಳಾಕಿ ಅಕಿ.” ಅಷ್ಟ ಹೇಳಿ ಕಣ್ಣ ಒರಿಸಿಕೊಂಡು ಕಾರಿನ ಕೆಳಗ ಹೊಕ್ಕ. ಅವಸರದಾಗ ತಪ್ಪ ನಟ್ ಬಿಚ್ಚಿದ, ಕರೀ ಆಯಿಲ್ ಎಲ್ಲಾ ಅವನ ಬಿಳೀ ಪಾಯಜಾಮಾದ ಮ್ಯಾಲೆ ಸುರೀತು. ಅಮೀನಬಿ ಇನ್ನೂ ಗಂಡನ ಜೋಡಿ ನೆಟ್ಟಗ ಮಾತಾಡವಲ್ಲಳು.

ಹೋದ ಶನಿವಾರ ಬ್ರೇಕಿನ ಕೆಲಸ ಬಂತು. ಪೈಪಿನ್ಯಾಗ ಗಾಳಿ ಹೊಕ್ಕಿರ್ತೈತಿ, ಅದನ್ನ ತಗಿಯಾಕ ಇಬ್ಬರು ಬೇಕು. ಒಬ್ಬಾಂವ ಸೀಟಿನ್ಯಾಗ ಕುಂತು ಪೆಡಲ್ ಎರಡ ಮೂರ ಸಲ ಒತ್ತಿ ಹಿಡಿದಿರಬೇಕು, ಆಗ ಇನ್ನೊಬ್ಬಾಂವ ಗಾಲಿ ಹಂತೇಕ ಸಣ್ಣ ನಟ್ ಸಡಲ ಮಾಡಿ ಗಾಳಿ ಬಿಟ್ಟು ಮತ್ತ ಬಿಗೀತಾನ. ಬಿಗಿಯೂತನಕಾ ಕಾಲ ಎತ್ತಬಾರದು. ನಮ್ಮ ಅಲ್ಲಾಸಾಬ ಒತ್ತು ಅಂದ್ರ ಬಿಡ್ತಾನ, ಹಿಡಿ ಅಂದ್ರ ‘ಆತೇನೋ?’ ಅಂತ ಕಾಲ ತಗದು ಬಗ್ಗಿ ನೋಡ್ತಾನ. ಹೋದ ಗಾಳಿ ತಿರಗಿ ಒಳಗ. ಅವ್ವನ್ನ ಬಿಸಲಿಗೆ ಅಂತ ಕುರ್ಚಿ ಸಮೇತ ಎತ್ತಿ ಕಟ್ಟಿ ಮ್ಯಾಲೆ ತಂದು ಕುಂಡ್ರಿಸಿದ್ವಿ. ಒಂದ ತಾಸು ನಮ್ಮ ಆಟ ನೋಡಿದ್ಲು, ಆಮ್ಯಾಲೆ ಅಕಿಗೆ ತಡಕೊಳ್ಳಾಕ ಆಗಲಿಲ್ಲ. ಐವತ್ತು ವರ್ಷ ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟು ಹಲಗಿ ತುಳದು ಸೀರಿ ನೇಯ್ದಾಕಿ. “ಅವನ ಕಾಲಿಗೆ ಲೆಕ್ಕ ತಿಳಿಯೂದಿಲ್ಲ. ನನ್ನ ಕುಂಡ್ರಸ್ರಿ ಅಲ್ಲೆ,” ಅಂದ್ಲು.

ಇಬ್ಬರೂ ಹೂಂ ಅಂದು ಕುರ್ಚಿ ಕಾರಿನ ಬಾಗಲಕ್ಕ ಒಯ್ದು ಕೈ ಕೊಟ್ವಿ. ಕುಂತ್ಲು. ನಾ ಹಿಂದಿನ ಗಾಲಿ ಕೆಳಗ ಹೊಕ್ಕು ‘ಒತ್ತವ್ವಾ’ ಅಂದ್ನಿ. ಎಡಗಾಲಲೆ ಒತ್ತಿದ್ಲು, ಹಿಡಿದ್ಲು, ನಾ ಬಿಡು ಅನ್ನೂತನಕಾ ಬಿಡಲಿಲ್ಲ. ಗಾಳಿ ಬುಸ್ಸಂತ ಹೊರಗ ಬಂತು. ಒಂದ ಗಾಲಿ ಆತು, ಎರಡ ಆದ್ವು. ಮೂರನೇ ಗಾಲಿಗೆ ಅಲ್ಲಾಸಾಬ ನನ್ನ ಕಾಲ ಜಗ್ಗಿದ. ತಲಿ ಹೊರಗ ಹಾಕಿ ನೋಡ್ತೇನಿ, ಎಡಗಾಲು ದಣದಿತ್ತೋ ಏನೋ, ಮಗ್ಗದಾಗ ಕಾಲ ಬದಲಿ ಮಾಡಿದಂಗ ಅವ್ವ ಬಲಗಾಲಲೆ ತುಳ್ಯಾಕ ಹತ್ಯಾಳ! ರಾಡ್ ಹಾಕಿದ ಕಾಲು. ಅಕಿಗೆ ಖಬರಿಲ್ಲ. ನಾವೂ ಬಾಯಿ ಬಿಡಲಿಲ್ಲ. ನಾಕೂ ಗಾಲಿ ಮುಗದ ಮ್ಯಾಲೆ ಒಮ್ಮೆ ಒತ್ತಿ ನೋಡಿ “ಈಗ ಗಟ್ಟಿ ಆತು” ಅಂದ್ಲು. ನಾ ಎತ್ತಾಕ ಓಡಿದ್ರ ಅಲ್ಲಾಸಾಬ ಹಿಂದಿನಿಂದ ನನ್ನ ಅಂಗಿ ಹಿಡಿದ. ಅವ್ವ ಎರಡೂ ಕಾಲ ನೆಲಕ್ಕ ಊರಿ, ಬಾಗಲಾ ಹಿಡಕೊಂಡು, ತಾನ ಎದ್ದು ನಿಂತ್ಲು. ನನಗ ಎಷ್ಟ ಖುಷಿ ಆತಂದ್ರ ನಟ್ ಬಿಗಿಯೂ ಪಾನಾ ಹಿಡಿದ ಎಣ್ಣಿ ಕೈಲೇ ಅಲ್ಲಾಸಾಬನ್ನ ತಬ್ಬಿಕೊಂಡೇನಿ, ಈ ಸಲ ಅವನ ಅಂಗಿನೂ ಹೊಲಸಾತು.

ಅವತ್ತಿಂದ ದಿನಾ ಮುಂಜಾನಿ ಬ್ರೇಕ್ ನೋಡಬೇಕು ಅಂತ ತಾನ ಹೊರಡ್ತಾಳ. ಗಾಳಿ ಎಲ್ಲಾ ಹೋಗೇತವ್ವಾ ಅಂತ ನಾವು ಹೇಳೂದಿಲ್ಲ. ಮೊದಲ ದಿನಾ ಕುರ್ಚಿ ಮ್ಯಾಲೆ ಕಟ್ಟಿ ತನಕಾ ತಂದ್ವಿ, ಅಲ್ಲಿಂದ ನನ್ನ ಕೈ ಹಿಡಕೊಂಡು ಎಂಟ ಹೆಜ್ಜಿ ಇಟ್ಲು. ಇವತ್ತ ಕುರ್ಚಿ ಬ್ಯಾಡಂದ್ಲು, ನನ್ನ ಕೈನೂ ಬ್ಯಾಡಂದ್ಲು, ಕೋಲು ಊರಿ ಒಳಗಿನ ಕ್ವಾಣಿಯಿಂದ ಕಾರಿನ ತನಕಾ ನಡದ್ಲು. ಕಾರೂ ಸುರು ಆಗೇತಿ. ನಿನ್ನಿ ಹುನಗುಂದಕ್ಕ ಹೋಗಿ ಬಂದ್ವಿ, ದಾರ್ಯಾಗ ಎರಡ ಕಡೆ ಅಷ್ಟ ನಿಂತಿತು.

ಜಯಶ್ರೀಗೂ ಕೂಸಿಗೂ ನನ್ನ ಆಶೀರ್ವಾದ, ಅಳಿಯಂದ್ರಿಗೆ ನಮಸ್ಕಾರ. ನೀ ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ,
ಶಿವಲಿಂಗಪ್ಪ

ತಾ.ಕ.: ಇವತ್ತ ಸೋಮವಾರ, ಆರಿಫಾ ಬಾಗಲಾಗ ನಿಂತಾಳ, ಲಗೂ ಬರೀತೇನಿ. ಕೂಸಿನ್ನ ತೊಟ್ಟಲದಾಗ ಹಾಕಿದ ಮರುದಿನಾನ ಅತ್ತಿ ಸಲುವಾಗಿ ಊರಿಗೆ ಬರ್ತೇನಿ ಅಂದಿದ್ದಿಯಲ್ಲ, ಬರಬ್ಯಾಡ. ಮೂರ ತಿಂಗಳ ಪೂರಾ ಮಗಳ ಹಂತೇಕ ಇರು, ಇದು ಅವ್ವನ ಹುಕುಂ. ಬರೂ ಐತವಾರ ತೊಟ್ಟಲಕ್ಕ ನಾವ ಬರ್ತೇವಿ, ಅಲ್ಲಾಸಾಬನ ಕಾರಿನ್ಯಾಗ, ಅಮೀನಗಡದಾಗ ಬಾಣಂತಿಗೆ ಕರದಂಟು ತಗೊಂಡು. ಅವ್ವ ಮುಂದಿನ ಸೀಟಿನ್ಯಾಗ ಕುಂಡ್ರತಾಳಂತ. ಒಂದ ಮಾತ ನೆನಪಿಡು. ಕಾರು ಬಂದು ನಿಂತ ಕೂಡ್ಲೆ ನೀ ಅಳಕೋತ ಓಡಿ ಬಂದು ಕೈ ಹಿಡೀಬ್ಯಾಡ, ಜಯಶ್ರೀಗೂ ಹೇಳಿಡು. ಕೂಸಿನ್ನ ಎತ್ತಿಕೊಂಡು ಬಾಗಲ ಒಳಗ ಸುಮ್ಮನ ನಿಂದರು. ಹೊಸ್ತಲಾ ಅವ್ವ ತಾನ ದಾಟ್ತಾಳ.