ಹೊಳೆಯಲ್ಲಿ ಮೀಯಿಸಿದ ಲಾರಿ

ಕಾಸರಗೋಡು
ಶುಕ್ರವಾರ, ಮಾರ್ಚ್ ೧೯೫೩

ಹಿರಿಯರಾದ ಜೊಕಿಮ್ ಪೊರ್ಬುಗಳಿಗೆ ಮಹೇಶ್ವರನ ನಮಸ್ಕಾರಗಳು.

ನಿನ್ನೆ ಸಂಜೆ ನಿಮ್ಮ ಅಂಗಳದ ತನಕ ಬಂದು ಹಾಗೆಯೇ ಹಿಂದೆ ಹೋದವನು ನಾನೇ. ನಾಯಿ ಬೊಗಳಿತು, ಒಳಗಿನಿಂದ ನಿಮ್ಮ ಮನೆಯವರು, ಬಾಯಮ್ಮ, "ಯಾರದು?" ಎಂದು ಕೇಳಿದರು. ಮುರಿದ ಲಾರಿಯನ್ನು ತೆಂಗಿನ ಬುಡದಲ್ಲಿ ನಿಲ್ಲಿಸಿ ನೀವು ಅದರ ಮೈ ತೊಳೆಯುತ್ತಿದ್ದಿರಿ. ಅದನ್ನು ನೋಡಿದ ಮೇಲೆ ಎದುರು ಬಂದು ನಿಲ್ಲುವ ಮುಖ ನನಗೆಲ್ಲಿಂದ ಬರಬೇಕು? ಅದಕ್ಕೇ ಈ ಕಾಗದ.

ಆ ಸಣ್ಣ ಲಾರಿಯನ್ನು, ಕಂಪೆನಿಯವರ ಬಾಯಲ್ಲಿ ಅದು ಪಿಕಪ್, ನಿಮಗೆ ಮಾರಿದವನು ಕಂಪೆನಿಯ ಏಜೆಂಟನಾದ ನಾನು. ಕೊಳ್ಳುವ ದಿನ ನೀವು ಅದರ ಸುತ್ತ ಒಂದು ಸುತ್ತು ಬಂದು, "ಅಡಿಯಲ್ಲಿ ಎಂತ ಉಂಟು ಅಂತ ಒಮ್ಮೆ ನೋಡಿ ಹೇಳಿ ಮಾರಾಯ್ರೇ" ಎಂದಿರಿ. ನಾನು ನಕ್ಕು, "ಬಿಳಿ ಪಂಚೆ ಉಟ್ಟವನನ್ನು ನೆಲಕ್ಕೆ ಮಲಗಿಸ್ತೀರಾ? ಅದೆಲ್ಲ ಕಂಪೆನಿಯವರು ನೋಡಿರ್ತಾರೆ" ಎಂದೆ. ನೀವೂ ನಕ್ಕಿರಿ. ನಂಬಿದಿರಿ.

ಎತ್ತುಗಳನ್ನು ಕೊಟ್ಟು ಲಾರಿ ತಂದರೂ ಗಾಡಿಯವರ ಕ್ರಮವನ್ನು ನೀವು ಬಿಡಲಿಲ್ಲ. ಸಂಜೆಯಾದರೆ ಎತ್ತನ್ನು ಇಳಿಸುತ್ತಿದ್ದ ಹೊಳೆಯ ಕಡವಿಗೇ ಲಾರಿಯನ್ನೂ ಇಳಿಸಿ, ತೆಂಗಿನ ನಾರು ಹಿಡಿದು ಉಜ್ಜುತ್ತಿದ್ದಿರಿ. ಸೇತುವೆಯ ಮೇಲಿನಿಂದ ಜನ ನಗುತ್ತಿದ್ದರು. "ದುಡಿದ ಜೀವ, ಮೀಯದೆ ಮಲಗಲಿಕ್ಕುಂಟಾ?" ಎನ್ನುತ್ತಿದ್ದಿರಿ. ಬೇಸಗೆಯಲ್ಲಿ ಚಂದ್ರಗಿರಿ ಹೊಳೆಗೆ ಉಪ್ಪುನೀರು ಏರುತ್ತದೆ. ಎತ್ತಿಗೆ ಅದರಿಂದ ಏನೂ ಆಗದು, ಕಬ್ಬಿಣಕ್ಕೆ ಆಗುತ್ತದೆ. ಮಾರಿದವನು ಈ ಮಾತನ್ನು ಹೇಳಬೇಕಿತ್ತು. ಕಂಪೆನಿ ನನಗೆ ಹೇಳಿರಲಿಲ್ಲ, ನಾನಾಗಿ ಕೇಳಲೂ ಇಲ್ಲ.

ಹೋದ ತಿಂಗಳು ಬಾಯಾರಿನ ಇಳಿಜಾರಿನಲ್ಲಿ, ಹಂಚು ತುಂಬಿದ್ದ ಲಾರಿಯ ಚಾಸಿ, ಭಾರ ಹೊರುವ ಅಡಿಯ ಕಬ್ಬಿಣದ ಚೌಕಟ್ಟು, ಎರಡು ತುಂಡಾಯಿತು. ಹಂಚೆಲ್ಲ ಲೋಡಿನ ಆಳು ಕಿನ್ನಿಯ ಮೇಲೆ ಬಿದ್ದು ಅವನ ಬಲಗಾಲು ಹೋಯಿತು. ಅಜಾಗರೂಕತೆ ಎಂದು ಪೊಲೀಸರು ನಿಮ್ಮ ಮೇಲೆ ಕೇಸು ಹಾಕಿದರು. ಆಗ ಮದರಾಸಿನಿಂದ ಕಂಪೆನಿಯ ಇಂಜಿನಿಯರ್ ಬಂದ. ನನ್ನ ಅಂಗಡಿಯಲ್ಲೇ ಕುಳಿತು ಚಾ ಕುಡಿದ. ಜೊಕಿಮ್ ಎಂಥ ಮನುಷ್ಯ ಎಂದು ಕೇಳಿದ. ನಾನು ಎದೆಯುಬ್ಬಿಸಿಕೊಂಡು ಹೇಳಿದೆ: "ಸ್ವಾಮಿ, ಅವರು ಲಾರಿಯನ್ನು ಎತ್ತಿಗಿಂತ ಚೆನ್ನಾಗಿ ನೋಡಿಕೊಳ್ತಾರೆ. ದಿನಾ ಹೊಳೆಯಲ್ಲಿ ಮೀಯಿಸ್ತಾರೆ!"

ನಿಮ್ಮನ್ನು ಹೊಗಳಲಿಕ್ಕೆಂದೇ ಆಡಿದ ಮಾತದು, ದೇವರಾಣೆ. ಆತ ಚಾದ ಲೋಟ ಕೆಳಗಿಟ್ಟು, "ಅಷ್ಟು ಸಾಕು" ಎಂದ. ತುಕ್ಕು ಹಿಡಿಸಿದ್ದು ನೀವೇ, ಕಂಪೆನಿಗೆ ಸಂಬಂಧವಿಲ್ಲ ಎಂದು ಅವರ ವಾದ. ಅದಕ್ಕೆ ಸಾಕ್ಷಿ ಯಾರು? ನಾನು! ಸೋಮವಾರ ಕೋರ್ಟಿನಲ್ಲಿ ನಿಂತು ಅದೇ ಮಾತನ್ನು ಹೇಳಬೇಕಂತೆ, ಇಲ್ಲವಾದರೆ ಏಜೆನ್ಸಿ ಹೋಗುತ್ತದಂತೆ. ನಾನು "ಇಲ್ಲ" ಎನ್ನಲಿಲ್ಲ ಪೊರ್ಬುಗಳೇ. ಆತನನ್ನು ರೈಲು ಹತ್ತಿಸಿ, ಕೈಮುಗಿದು ಬಂದೆ. ನನ್ನ ನಾಲಗೆಗೆ ಹುಳ ಬೀಳಲಿ.

ಮರುದಿನ ಆಸ್ಪತ್ರೆಗೆ ಹೋದೆ. ಕಿನ್ನಿ ತನ್ನ ಕಾಲಿನ ಸುದ್ದಿಯನ್ನೇ ಎತ್ತಲಿಲ್ಲ. "ನಮ್ಮ ಪೊರ್ಬುಗಳನ್ನು ಜೈಲಿಗೆ ಹಾಕ್ತಾರಂತೆ, ಹೌದಾ?" ಎಂದು ಕೇಳಿದ. ಅಲ್ಲಿಂದ ನೇರ ಕಾರಡ್ಕಕ್ಕೆ ಬಸ್ಸು ಹತ್ತಿದೆ. ನಿಮ್ಮ ಲಾರಿಯ ಜೊತೆಗೇ ಬಂದ ಇನ್ನೊಂದನ್ನು ಅಲ್ಲಿಯ ಹೊನ್ನಯ್ಯನಿಗೆ ಮಾರಿದ್ದೆನಲ್ಲ? ಅದು ಹೊಳೆ ಕಂಡದ್ದಲ್ಲ, ಸಮುದ್ರ ಕಂಡದ್ದಲ್ಲ. ಗುಡ್ಡದ ಮೇಲೆ ಬಾವಿನೀರಿನಲ್ಲಿ ತೊಳೆದ ಲಾರಿ. ಅದರ ಅಡಿಗೆ ನುಗ್ಗಿ, ನಿಮ್ಮದು ತುಂಡಾದ ಜಾಗದಲ್ಲೇ ಸ್ಕ್ರೂಡ್ರೈವರ್ ಒತ್ತಿದೆ. ಹಲಸಿನ ಹಣ್ಣಿಗೆ ಚೂರಿ ಹಾಕಿದ ಹಾಗೆ ಒಳಗೆ ಹೋಯಿತು. ಎರಡು ಕಬ್ಬಿಣ ಒಂದರ ಮೇಲೊಂದು ಕೂಡುವ ಕಡೆ ಒಳಮೈಗೆ ಬಣ್ಣವೇ ಬಳಿದಿಲ್ಲ, ನಿಂತ ನೀರು ಇಳಿದುಹೋಗಲು ಒಂದು ತೂತೂ ಇಲ್ಲ. ಅಲ್ಲಿ ಮಳೆನೀರು ನಿಂತರೂ ಸಾಕು. ಉಪ್ಪುನೀರು ನಿಮ್ಮ ಲಾರಿಯನ್ನು ಸ್ವಲ್ಪ ಮುಂಚೆ ಮುರಿದಿರಬಹುದು. ಮುರಿಯುವ ಹಾಗೆ ಮಾಡಿ ಕಳಿಸಿದವರು ಮಾತ್ರ ಕಂಪೆನಿಯವರೇ.

ನೀವು ತಪ್ಪೊಪ್ಪಿಕೊಳ್ಳುತ್ತೀರಿ ಎಂದು ನಿಮ್ಮ ವಕೀಲರು ಹೇಳಿದರು. "ನನ್ನ ಲಾರಿ, ನನ್ನ ಆಳು, ಪಾಪವೂ ನನ್ನದೇ" ಎಂದಿರಂತೆ. ನಿಮ್ಮ ದಮ್ಮಯ್ಯ, ಅದೊಂದು ಮಾತನ್ನು ಆಡಬೇಡಿ. ಇಗರ್ಜಿಯಲ್ಲಿ ದೇವರೆದುರು ಏನು ಬೇಕಾದರೂ ಹೇಳಿಕೊಳ್ಳಿ, ಕೋರ್ಟಿನಲ್ಲಿ ಸುಮ್ಮನಿರಿ. ಸೋಮವಾರ ಅಲ್ಲಿ ಮಾತಾಡಬೇಕಾದವನು ನಾನು. ಹೊಳೆಯ ಸಂಗತಿಯನ್ನು ಮುಚ್ಚಿಡುವುದಿಲ್ಲ, ಕಾರಡ್ಕದ ಲಾರಿಯ ಸಂಗತಿಯನ್ನೂ ಬಿಡುವುದಿಲ್ಲ. ಏಜೆನ್ಸಿ ಹೋದರೆ ಹೋಗಲಿ. ಅಂಗಡಿಯ ಮುಂದಿನ ಕಂಪೆನಿಯ ಬೋರ್ಡನ್ನು ಇವತ್ತು ಬೆಳಿಗ್ಗೆಯೇ ಕಳಚಿದ್ದೇನೆ.

ಹೊನ್ನಯ್ಯ ಒಪ್ಪಿದ್ದಾನೆ. ಎಂಜಿನ್ ಚಾಲೂ ಮಾಡಿ ಓಡಿಸಿದರೆ ದಾರಿಯಲ್ಲೇ ಮುರಿದೀತೆಂದು, ಲಾರಿಯನ್ನು ಎತ್ತು ಕಟ್ಟಿ ಎಳೆಸಿಕೊಂಡು ಕೋರ್ಟಿನ ಅಂಗಳಕ್ಕೆ ತರುತ್ತಾನೆ. ಊರು ನಗಲಿ. ಅಡಿಯಲ್ಲಿ ಎಂತ ಉಂಟು ಎಂದು ಮ್ಯಾಜಿಸ್ಟ್ರೇಟರು ಕೇಳಿದರೆ, ನೆಲಕ್ಕೆ ಮಲಗಿ ತೋರಿಸುವವನು ನಾನೇ, ಬಿಳಿ ಪಂಚೆಯಲ್ಲೇ. ನೀವು ಅಂದೇ ಕೇಳಿದ್ದಿರಿ.

ನಿಮಗೂ ಬಾಯಮ್ಮನಿಗೂ ಆ ಬಡಪಾಯಿ ಕಿನ್ನಿಗೂ ದೇವರು ಒಳ್ಳೆಯದು ಮಾಡಲಿ. ಸೋಮವಾರ ಅಂಗಳದಲ್ಲಿ ಕಂಡಾಗ ನೀವು ನನ್ನೊಡನೆ ಮಾತಾಡದಿದ್ದರೂ ಸರಿಯೇ, ಎತ್ತುಗಳಿಗೆ ಒಂದಿಷ್ಟು ನೀರು ಕೊಡಿ.

ನಿಮ್ಮೆದುರು ತಲೆಯೆತ್ತಲಾರದ,
ಮಹೇಶ್ವರ