ದಾರಿಗೆ ಹಚ್ಚಿದ ಅಂಚು

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಮಗಳೇ,

ನಾನು ಆರಾಮಾಗಿದ್ದೇನೆ, ಮಂಡಿ ಮಾತ್ರ ಗೊಣಗುತ್ತದೆ. ಸುತ್ತಿ ಬಳಸಿ ಹೇಳುವುದು ನನಗೆ ಬಾರದು. ನಮ್ಮ ಅಂಗಳದಲ್ಲಿ ದಾರಿ ಹಾಕಲು ಬಂದ ತೋಟದ ಮೇಸ್ತ್ರಿ ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದಾರೆ. ಅಪ್ಪ ಹೋದ ಮೇಲೆ ನನಗಿರುವವಳು ನೀನೊಬ್ಬಳೇ. ನೀನು ಬೇಡ ಎಂದರೆ ಈ ಮಾತು ಇಲ್ಲಿಗೇ ಮುಗಿಯಿತು.

ನಡೆದದ್ದು ಕೇಳು. ಗೇಟಿನಿಂದ ಹೊಲಿಗೆ ಕೋಣೆಯವರೆಗೆ ದಾರಿ, ಎರಡು ಬದಿಗೂ ಇಟ್ಟಿಗೆಯ ಅಂಚು. ನೆಟ್ಟಗೆ ಇಡುತ್ತೇನೆ ಎಂದರು. ನನಗೆ ಸಪ್ಪೆ ಎನಿಸಿತು. ನಿನ್ನ ಚಿಕ್ಕಂದಿನ ಫ್ರಾಕುಗಳಿಗೆ ಹಚ್ಚುತ್ತಿದ್ದೆನಲ್ಲ ಅಲೆ ಅಲೆಯ ಅಂಚು, ಅದೇ ಬೇಕು ಎಂದು ಹಠ ಹಿಡಿದೆ. ಹಳೆಯ ಪೇಪರುಗಳನ್ನು ಅಂಟಿಸಿ, ಎರಡು ಬದಿಯ ಅಂಚಿಗೂ ದಾರಿಯುದ್ದದ ಪಟ್ಟಿಯನ್ನೇ ಕತ್ತರಿಸಿ ಕೊಟ್ಟೆ. ಕೈಗೆ ಅಂಟಿದ ಅಭ್ಯಾಸ ನೋಡು, ಬಟ್ಟೆಗೆ ಬಿಡುವ ಹಾಗೆ ಒಳಮಡಿಕೆಗೆಂದು ದಾರಿಯ ಕಡೆಗೆ ಗೇಣು ಜಾಗ ಹೆಚ್ಚಿಗೆ ಬಿಟ್ಟಿದ್ದೆ! ಇಟ್ಟಿಗೆಯನ್ನು ಯಾರಾದರೂ ಮಡಚುತ್ತಾರೆಯೇ? ಪಾಪ, ಆ ಮನುಷ್ಯ ಪೇಪರಿನ ಒಳತುದಿಗೇ ಸರಿಯಾಗಿ ಇಟ್ಟಿಗೆ ಹೂತರು. ಎರಡು ಬದಿಯೂ ಗೇಣು ಗೇಣು ಒಳಗೆ ಬಂದು, ದಾರಿ ಒಬ್ಬರೇ ನಡೆಯುವಷ್ಟಾಯಿತು. ಗೌನು ಒಯ್ಯಲು ಮಗಳೊಂದಿಗೆ ಬಂದ ಟೀಚರಮ್ಮ ಹೂಗಿಡಗಳ ಮೇಲೆಯೇ ನಡೆದು ಹೋದರು.

ತಪ್ಪು ನನ್ನದೇ, ಹಾಗೇ ಇರಲಿ ಬಿಡಿ ಎಂದೆ. ಅವರು ಕೇಳಲಿಲ್ಲ. ಇದೆಂಥಾ ದಾರಿ ರೀ, ಇಬ್ರು ಜೊತೇಲಿ ನಡೆಯೋಕಾಗ್ಬೇಡ್ವಾ ಎನ್ನುತ್ತಾ ಎಲ್ಲವನ್ನೂ ಕೀಳತೊಡಗಿದರು. ಯಾವ ಇಬ್ಬರು ಎಂದು ಕೇಳಿದೆ. ನಗುತ್ತಲೇ ಕೇಳಿದ್ದು. ಅವರು ಕರಣೆ ಕೆಳಗಿಟ್ಟು, ಕಿವಿಯವರೆಗೂ ಕೆಂಪಾಗಿ, ನೀವು ಮತ್ತೆ ನಾನು ಅಂದ್ಕೊಂಡಿದ್ದೆ ಎಂದುಬಿಟ್ಟರು. ಚಹಾ ತರುತ್ತೇನೆ ಎಂದು ಒಳಗೆ ಓಡಿದೆ. ಈ ಮಂಡಿ ಇಟ್ಟುಕೊಂಡು! ನೀನು ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಒಳ್ಳೆಯವರು ಕಣೇ. ಊಟ ಮಾಡುವಾಗ ಸದ್ದು ಮಾಡುತ್ತಾರೆ, ಅದೊಂದು ಬಿಟ್ಟರೆ ಕೊಂಕು ಹುಡುಕಲು ನನ್ನಿಂದ ಆಗಲಿಲ್ಲ. ನಿನ್ನ ಅಪ್ಪನ ಜಾಗವನ್ನು ಯಾರಿಗೂ ಕೊಡುವುದಿಲ್ಲ. ಆದರೆ ಸಂಜೆಯಾದರೆ ಮನೆ ಬಿಕೋ ಎನ್ನುತ್ತದೆ, ಅದನ್ನು ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ? ನಿನಗೆ ನೋವಾದರೆ ಎಂಬ ಹೆದರಿಕೆಗೆ ಬೆಳಗಿನಿಂದ ಬರೆದು ಬರೆದು ಹರಿದಿದ್ದೇನೆ.

ನಿನ್ನ ಒಂದು ಮಾತಿಗೆ ಕಾದು ಕುಳಿತಿರುವ,
ಅಮ್ಮ

ಇನ್ನೊಂದು ವಿಷಯ: ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ನಿನ್ನೆಯೇ ಅವರಿಗೆ ಹೂಂ ಎಂದುಬಿಟ್ಟೆ, ಬಾಯಿ ತಡೆಯಲಿಲ್ಲ. ಸಿಟ್ಟು ಬಂದರೆ ಕಾಗದದಲ್ಲಿ ಬೈಯಬೇಡ, ಬಂದು ಎದುರಿಗೇ ಬೈ. ಬೈಸಿಕೊಳ್ಳಲು ಬಸ್ ಸ್ಟ್ಯಾಂಡಿಗೆ ನಾವಿಬ್ಬರೂ ಬರುತ್ತೇವೆ.